ಹಾಡುವವರ ಮನೆಗೆ ಧ್ವನಿಮುದ್ರಣದ ಸಲಕರಣೆ

ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಮನೆ. ಯಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಗೃಹಿಣಿಗೆ ಮದುವೆಗೆ ಮುಂಚೆ ವೀಣೆಯ ಅಭ್ಯಾಸವಿತ್ತು. ಸಂಸಾರದ ತಾಪತ್ರಯಗಳಲ್ಲಿ ಮೂವತ್ತು ವರ್ಷ ಮೂಲೆಯಲ್ಲಿ ಮುಸುಕು ಹೊದ್ದು ಮಲಗಿದ್ದ ವೀಣೆಗೆ ಈಗ ಹೊಸ ತಂತಿ ಬಿದ್ದಿದೆ. ಮೇಣ ಹಾಕಿಸಿ ಮೇಳ ಕಟ್ಟಿಸಿದ್ದೂ ಆಗಿದೆ. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯವರಿದ್ದಾರೆ. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡು ಎಂದು ಅವರ ಬಾಯಲ್ಲಿರುವ ಹಾಡುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಯಾವ ಪುಸ್ತಕದಲ್ಲಿಯೂ ಇಲ್ಲ.

ಅಭ್ಯಾಸವನ್ನು ತಾನೇ ಕೇಳಿ ತಿದ್ದಿಕೊಳ್ಳಬೇಕೆಂದು ಸೊಸೆಗೆ ಆಸೆ. ಅಜ್ಜಿಯ ಹಾಡುಗಳನ್ನು ಹಿಡಿದಿಡಬೇಕೆಂದು ಮೊಮ್ಮಗಳಿಗೆ ಆಸೆ. ಚೀಟಿ ಎತ್ತಿದ ಹಣದಲ್ಲಿ ಇಪ್ಪತ್ತು ಸಾವಿರ ರೂಪಾಯಿಗಳನ್ನು ಇದಕ್ಕೆಂದೇ ತೆಗೆದಿರಿಸಿದರು. ಯಜಮಾನರು ಅಂಗಡಿಗೆ ಹೋಗಿ, ಹಾಡುಗಾರರೆಲ್ಲ ಬಳಸುವಂಥದೆಂದು ತೋರಿಸಿದ ಮೈಕೊಂದನ್ನು ಎಂಟು ಸಾವಿರಕ್ಕೆ ಕೊಂಡು ತಂದರು. ಫೋನಿಗೆ ಜೋಡಿಸಲು ಒಂದು ತಂತಿಯನ್ನೂ ತಂದರು. ಅತ್ತೆಯವರು ಒಂದು ಹಾಡನ್ನು ಪೂರ್ತಿಯಾಗಿ ಹಾಡಿ ಮುಗಿಸಿದರು. ಆಮೇಲೆ ಕೇಳಿದರೆ ಏನೂ ಇಲ್ಲ. ಬರಿಯ ಸುಯ್ ಎಂಬ ಸದ್ದು.

“ಇಷ್ಟು ದುಡ್ಡು ಸುರಿದು ಒಬ್ಬ ಕಿವುಡನನ್ನು ಮನೆಗೆ ತಂದೆಯಲ್ಲೋ!” ಎಂದರು ಆ ತಾಯಿ.

ಮೈಕು ಕೆಟ್ಟಿರಲಿಲ್ಲ, ಅದಕ್ಕೆ ಊಟ ಹಾಕಿರಲಿಲ್ಲ, ಅಷ್ಟೆ. ಇಂಥ ಪ್ರಸಂಗ ಈ ಒಂದು ಮನೆಯದಲ್ಲ. ಹವ್ಯಾಸಕ್ಕಾಗಿ ಹಾಡುವ, ನುಡಿಸುವ ಅನೇಕರು ಯಾವುದನ್ನು ಕೊಳ್ಳಬೇಕೆಂದು ವಿಚಾರಿಸುತ್ತಾರೆಯೇ ಹೊರತು, ಯಾವುದು ಯಾವ ಕೆಲಸ ಮಾಡುತ್ತದೆಂದು ವಿಚಾರಿಸುವುದಿಲ್ಲ. ಎರಡನೆಯದನ್ನು ತಿಳಿದರೆ ಮೊದಲನೆಯದು ತಾನಾಗಿಯೇ ತಿಳಿಯುತ್ತದೆ.

ಕಹಳೆಯ ಕಾಲ

ಮೊದಲು ಸ್ವಲ್ಪ ಹಿಂದಿನ ಮಾತು. ಎಡಿಸನ್ ಮಹಾಶಯನು ಧ್ವನಿಯನ್ನು ಹಿಡಿದು ಮತ್ತೆ ಕೇಳಿಸುವ ಯಂತ್ರವನ್ನು ರಚಿಸಿದ್ದು ೧೮೭೭ರಲ್ಲಿ. ೧೯೦೨ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಆಗ ಮೈಕು ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಗಾಳಿಯ ಕಂಪನವೇ ಮುಳ್ಳನ್ನು ಅಲ್ಲಾಡಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ದೊರೆಯುತ್ತಿದ್ದ ಅವಕಾಶ ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ರಾಗ ಬೆಳೆಸುವವರು ಅದನ್ನು ಅಷ್ಟರೊಳಗೆ ಅಡಕ ಮಾಡಬೇಕಾಗಿತ್ತು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಆ ಮಹಾಗಾಯಕಿ ಕೊನೆಗೆ ೧೯೨೮ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಕಂಠವನ್ನು ಇಂದಿಗೂ ಕೇಳಬಹುದಾಗಿದೆ.

೧೯೨೫ರ ಹೊತ್ತಿಗೆ ಮೈಕಿನ ಮೂಲಕ ವಿದ್ಯುತ್ ಮುದ್ರಣ ಬಂದಿತು. ಗಟ್ಟಿಯಾಗಿ ಕೂಗುವ ಅಗತ್ಯ ತಪ್ಪಿತು. ಆಮೇಲೆ ಟೇಪು. ೧೯೬೩ರಲ್ಲಿ ಫಿಲಿಪ್ಸ್ ಕಂಪನಿಯವರು ಕ್ಯಾಸೆಟ್ಟನ್ನು ಹೊರತಂದರು. ನಮ್ಮ ನಾಡಿನ ಸಂಗೀತಪಾಠವೆಷ್ಟೋ ಅದರಲ್ಲಿ ಮನೆಮನೆಗೆ ಹೋಯಿತು. ೧೯೭೯ರಲ್ಲಿ ಟಾಸ್ಕಾಮ್ ಕಂಪನಿಯ ಒಂದು ಯಂತ್ರ ಅದೇ ಕ್ಯಾಸೆಟ್ಟಿನ ಮೇಲೆ ನಾಲ್ಕು ಧ್ವನಿಗಳನ್ನು ಬೇರೆಬೇರೆಯಾಗಿ ಮುದ್ರಿಸುವ ಅನುಕೂಲವನ್ನು ಸಾಮಾನ್ಯರಿಗೆ ಒದಗಿಸಿತು. ಇಂದು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯ ಅಂಗೈಯಗಲದ ಪೆಟ್ಟಿಗೆಯಲ್ಲಿದೆ. ಸಲಕರಣೆಯ ಕೊರತೆ ತಪ್ಪಿದೆ. ಆಯ್ಕೆಯ ಗೊಂದಲ ಹೆಚ್ಚಿದೆ.

ಫೋನು ಸಾಲದೆ?

ಕೈಯಲ್ಲಿ ಫೋನಿರುವಾಗ ಬೇರೆಯದೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಪಾಠ ಒಪ್ಪಿಸಲು, ತಾಳ ತಪ್ಪಿತೇ, ಶ್ರುತಿ ಇಳಿಯಿತೇ ಎಂದು ನೋಡಿಕೊಳ್ಳಲು ಫೋನು ಧಾರಾಳವಾಗಿ ಸಾಕು. ಆರಂಭದ ಕೆಲವು ತಿಂಗಳು ಅದರಲ್ಲಿಯೇ ಕಳೆಯುವುದು ಜಾಣತನ. ಹವ್ಯಾಸ ನಿಲ್ಲುತ್ತದೆಯೇ ಎಂಬುದೂ ಅಷ್ಟರಲ್ಲಿ ತಿಳಿಯುತ್ತದೆ.

ಆದರೆ ಫೋನು ಮಾತಿಗಾಗಿ ಹುಟ್ಟಿದ ವಸ್ತು. ಗಟ್ಟಿಯಾದುದನ್ನು ತಗ್ಗಿಸಿ, ಮೆಲ್ಲಗಿರುವುದನ್ನು ಏರಿಸಿ, ಹಿನ್ನೆಲೆಯ ಸದ್ದನ್ನು ಒರೆಸಿಹಾಕಿ ಮಾತನ್ನು ಸ್ಪಷ್ಟಗೊಳಿಸುವಂತೆ ಅದನ್ನು ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ವೀಣೆಯಲ್ಲಿ ಒಮ್ಮೆ ಮೀಟಿ, ಉಳಿದ ನಾದದಲ್ಲಿ ತಂತಿಯನ್ನೆಳೆದು ಗಮಕ ತೆಗೆಯುವುದಷ್ಟೆ? ಆ ಉಳಿಯುವ ನಾದವನ್ನೇ ಫೋನು ಬೇಡದ ಸದ್ದೆಂದು ಬಗೆದು ಕತ್ತರಿಸಬಹುದು. ಮೀಟು ಕೇಳುತ್ತದೆ, ಗಮಕ ಕೇಳುವುದಿಲ್ಲ. ಕೆಲವು ಮುದ್ರಣದ ಆ್ಯಪುಗಳಲ್ಲಿ ಈ ತಿದ್ದುಪಡಿಯನ್ನು ನಿಲ್ಲಿಸುವ ಸೌಕರ್ಯವಿರುತ್ತದೆ. ಕೊಳ್ಳುವ ಮುನ್ನ ಅದನ್ನೂ ಪ್ರಯತ್ನಿಸಿ ನೋಡಬೇಕು. ಅದರಿಂದಲೂ ತೃಪ್ತಿಯಾಗದಿದ್ದರೆ ಮಾತ್ರ ಅಂಗಡಿಯ ದಾರಿ ಹಿಡಿಯಬಹುದು.

ಮೈಕಿನಲ್ಲಿ ಎರಡು ಜಾತಿ

ಮೈಕು ಎಂದರೆ ಕಿವಿ. ಮನೆಬಳಕೆಗೆ ಬರುವವು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಡೈನಮಿಕ್ ಮೈಕು. ಇದರಲ್ಲಿ ತೆಳುವಾದ ಪೊರೆಗೆ ಅಂಟಿದ ತಂತಿಸುರುಳಿಯೊಂದು ಆಯಸ್ಕಾಂತದ ನಡುವೆ ಅಲ್ಲಾಡಿ ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಗಟ್ಟಿಮುಟ್ಟಾದ ವಸ್ತು, ಹೊರಗಿನ ವಿದ್ಯುತ್ತು ಬೇಡ. ಸಭೆಗಳಲ್ಲಿ ಕೈಯಲ್ಲಿ ಹಿಡಿದು ಹಾಡುವ ಮೈಕುಗಳು ಹೆಚ್ಚಾಗಿ ಈ ಜಾತಿಯವೇ. ೧೯೬೬ರಲ್ಲಿ ಹೊರಬಂದ ಶೂರ್ ಕಂಪನಿಯ ಎಸ್.ಎಂ. ೫೮ ಇಂದಿಗೂ ಪ್ರಚಾರದಲ್ಲಿದೆ. ಹತ್ತಿರದ ಧ್ವನಿಯನ್ನು ಚೆನ್ನಾಗಿ ಹಿಡಿದು, ದೂರದ ಗಲಾಟೆಯನ್ನು ಅಷ್ಟಾಗಿ ಎತ್ತಿ ತೋರಿಸದಿರುವುದು ಇದರ ಗುಣ.

ಎರಡನೆಯದು ಕಂಡೆನ್ಸರ್ ಮೈಕು. ಇದರಲ್ಲಿ ಅತಿ ತೆಳುವಾದ ಪೊರೆಯೊಂದು ಲೋಹದ ಫಲಕದ ಎದುರು ಕಂಪಿಸುತ್ತದೆ. ನವುರಾದ ನಾದವನ್ನು ಹಿಡಿಯುವುದರಲ್ಲಿ ಇದಕ್ಕೆ ಸೂಕ್ಷ್ಮತೆ ಹೆಚ್ಚು. ಆದರೆ ಕೆಲಸ ಮಾಡಲು ಇದಕ್ಕೆ ಹೊರಗಿನಿಂದ ವಿದ್ಯುತ್ತು ಬೇಕು. ಮೂರು ಕಡ್ಡಿಯ ತಂತಿಯ ಮೂಲಕವೇ ಬರುವ ಆ ವಿದ್ಯುತ್ತು ವಾಡಿಕೆಯಲ್ಲಿ ೪೮ ವೋಲ್ಟು. ಫೋನಿನ ರಂಧ್ರದಲ್ಲಿ ದೊರೆಯುವುದು ಕೆಲವೇ ವೋಲ್ಟು. ಬಸವನಗುಡಿಯ ಮನೆಯ ಮೈಕು ‘ಕಿವುಡಾದ’ ರಹಸ್ಯ ಇದೇ.

ಯಾವುದು ಒಳ್ಳೆಯದು ಎಂದರೆ ಒಂದೇ ಉತ್ತರವಿಲ್ಲ. ಗಟ್ಟಿಯಾಗಿ ಹಾಡುವವರು, ಬೀದಿಯ ಕಡೆಗೆ ಕಿಟಕಿಯಿರುವ ಮನೆಯವರು ಡೈನಮಿಕ್ ಮೈಕನ್ನು ಕೊಂಡರೆ ಸುಖ. ವೀಣೆ, ಇಳಿದನಿಯ ಹಾಡು ಮೊದಲಾದುವಕ್ಕೆ ಕಂಡೆನ್ಸರ್ ಮೇಲು. ಆದರೆ ಅದು ಅಡಿಗೆಮನೆಯ ಕುಕ್ಕರಿನ ಕೂಗನ್ನೂ, ಪಕ್ಕದ ಮನೆಯ ನಾಯಿಯನ್ನೂ ಅಷ್ಟೇ ಆದರದಿಂದ ಬರಮಾಡಿಕೊಳ್ಳುತ್ತದೆ. ಮೌನವಾದ ಕೋಣೆ, ಮೌನವಾದ ಹೊತ್ತು ಇದ್ದವರಿಗೆ ಮಾತ್ರ ಅದು ಸ್ನೇಹಿತ. ಎರಡರಲ್ಲಿ ಯಾವುದಾದರೂ, ಎದುರಿನ ಧ್ವನಿಯನ್ನು ಹೆಚ್ಚಾಗಿಯೂ ಬೆನ್ನಿನ ಧ್ವನಿಯನ್ನು ಕಡಿಮೆಯಾಗಿಯೂ ಹಿಡಿಯುವ ‘ಕಾರ್ಡಿಯಾಯ್ಡ್’ ಎಂಬ ಬಗೆಯದನ್ನೇ ಆರಿಸಬೇಕು.

ಪೆಟ್ಟಿಗೆಯ ವಿಚಾರ

ಮೈಕಿನ ವಿದ್ಯುತ್ತು ಬಹಳ ಕ್ಷೀಣವಾದುದು. ಅದನ್ನು ಹೆಚ್ಚಿಸಿ, ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒಪ್ಪಿಸುವ ಪುಟ್ಟ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ಕಂಡೆನ್ಸರ್ ಮೈಕಿಗೆ ಬೇಕಾದ ೪೮ ವೋಲ್ಟನ್ನು ಕೊಡುವುದೂ ಇದೇ; ಅದಕ್ಕೆಂದು ಒಂದು ಗುಂಡಿ ಇರುತ್ತದೆ. ಕೊಳ್ಳುವಾಗ ಆ ಗುಂಡಿ ಇದೆಯೇ ಎಂದು ಕಣ್ಣಾರೆ ನೋಡಬೇಕು.

ಎಷ್ಟು ಮೈಕುಗಳನ್ನು ಜೋಡಿಸಬಹುದೆಂಬುದು ಮುಂದಿನ ಪ್ರಶ್ನೆ. ಒಬ್ಬರೇ ಹಾಡುವ ಅಥವಾ ನುಡಿಸುವ ಮನೆಗೆ ಒಂದು ಸಾಕು. ಹಾಡು ಮತ್ತು ಮೃದಂಗ ಒಟ್ಟಿಗೆ ಬೇಕೆಂದರೆ ಎರಡು ಬೇಕು. ಎಂದೋ ಒಂದು ದಿನ ಕಚೇರಿಯನ್ನೇ ಮುದ್ರಿಸಬಹುದೆಂದು ಎಂಟು ರಂಧ್ರಗಳ ಪೆಟ್ಟಿಗೆ ಕೊಳ್ಳುವುದು, ಎಂದೋ ಬರುವ ನೆಂಟರಿಗಾಗಿ ದಿನವೂ ಹಂಡೆಯಲ್ಲಿ ಅನ್ನ ಮಾಡಿದಂತೆ.

ಇನ್ನೊಂದು ಸೂಕ್ಷ್ಮವಿದೆ. ಹಾಡಿದ ಧ್ವನಿ ಕಂಪ್ಯೂಟರಿನೊಳಗೆ ಹೋಗಿ ಹೆಡ್‌ಫೋನಿಗೆ ಮರಳುವಾಗ ಕೊಂಚ ತಡವಾಗುತ್ತದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುವುದರಿಂದ, ಸೆಕೆಂಡಿನ ನೂರನೆಯ ಒಂದು ಭಾಗ ತಡವೆಂದರೆ ಮೂರೂವರೆ ಮೀಟರು ದೂರ ಕುಳಿತು ಕೇಳಿದಂತೆ, ಅದನ್ನು ಸಹಿಸಬಹುದು. ಅದಕ್ಕಿಂತ ಬಹಳ ಹೆಚ್ಚಾದರೆ ತಾಳ ತಪ್ಪುತ್ತದೆ. ಆದ್ದರಿಂದ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರವಾಗಿ ಕೇಳಿಸುವ ಸೌಕರ್ಯವುಳ್ಳ ಪೆಟ್ಟಿಗೆಯನ್ನೇ ಕೇಳಿ ಪಡೆಯಬೇಕು. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನು ಈ ಕೆಲಸಕ್ಕೆ ಒದಗುವುದಿಲ್ಲ. ಅದರಲ್ಲಿ ತಡ ಹೆಚ್ಚು.

ಮೈಕೂ ಪೆಟ್ಟಿಗೆಯೂ ಒಂದರಲ್ಲಿಯೇ ಅಡಕವಾದ ಯು.ಎಸ್.ಬಿ. ಮೈಕುಗಳೂ ಇವೆ. ಒಂದೇ ತಂತಿ, ಒಂದೇ ಜೋಡಣೆ. ತಾಂತ್ರಿಕ ಜಂಜಾಟ ಬೇಡವೆನ್ನುವವರಿಗೆ ಅನುಕೂಲ. ಮುಂದೆ ಎರಡನೆಯ ಮೈಕು ಬೇಕಾದಾಗ, ಅಥವಾ ಮೈಕನ್ನು ಮಾತ್ರ ಬದಲಿಸಬೇಕಾದಾಗ, ಮೊದಲಿನಿಂದ ಕೊಳ್ಳಬೇಕಾಗುವುದೇ ಅದರ ದೋಷ.

ಹೆಡ್‌ಫೋನನ್ನು ಕಿವಿಯನ್ನು ಪೂರ್ತಿ ಮುಚ್ಚುವ ಬಗೆಯದನ್ನೇ ಕೊಳ್ಳಬೇಕು. ಶ್ರುತಿಪೆಟ್ಟಿಗೆಯ ನಾದವನ್ನು ಕೋಣೆಯಲ್ಲಿ ಹರಿಯಬಿಡದೆ ಹೆಡ್‌ಫೋನಿನಲ್ಲಿ ಒಂದು ಕಿವಿಗೆ ಕೇಳಿಸಿಕೊಂಡು, ಇನ್ನೊಂದು ಕಿವಿಯನ್ನು ತನ್ನ ಹಾಡಿಗೆ ತೆರೆದಿಟ್ಟುಕೊಂಡರೆ ಮುದ್ರಣ ಶುದ್ಧವಾಗಿ ಬರುತ್ತದೆ. ಮೈಕಿಗೆ ಭದ್ರವಾದ ಸ್ಟ್ಯಾಂಡು, ಪ ಬ ಅಕ್ಷರಗಳ ಉಸಿರು ಬಡಿಯದಂತೆ ತಡೆಯುವ ಬಟ್ಟೆಯ ಜಾಲರಿ, ಮೂರು ಕಡ್ಡಿಯ ಒಂದು ಕೇಬಲ್ಲು. ಇಷ್ಟಾದರೆ ಪಟ್ಟಿ ಮುಗಿಯಿತು. ಕಂಪ್ಯೂಟರಿನಲ್ಲಿ ಮುದ್ರಿಸುವುದಕ್ಕೆ ಆಡಾಸಿಟಿ ಎಂಬುದು ೨೦೦೦ದಿಂದಲೂ ಉಚಿತವಾಗಿ ದೊರೆಯುತ್ತಿದೆ. ಆ್ಯಪಲ್ ಕಂಪ್ಯೂಟರುಗಳಲ್ಲಿ ಗ್ಯಾರೇಜ್‌ಬ್ಯಾಂಡ್ ಇದೆ. ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ಅಗತ್ಯ ಆರಂಭದಲ್ಲಿ ಇಲ್ಲವೇ ಇಲ್ಲ.

ಕಾಸಿಲ್ಲದ ಸಲಕರಣೆ

ಎಲ್ಲಕ್ಕಿಂತ ಮುಖ್ಯವಾದುದಕ್ಕೆ ಕಾಸು ಬೇಕಿಲ್ಲ. ಅದು ಕೋಣೆ. ಬರಿಯ ಗೋಡೆ, ಹಾಸುಗಲ್ಲಿನ ನೆಲ, ಎತ್ತರದ ತಾರಸಿ ಇರುವ ನಡುಮನೆಯಲ್ಲಿ ಹಾಡಿದರೆ ಶಬ್ದವು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುತ್ತದೆ. ಕಿವಿಗೆ ಅದು ಹಿತವೆನಿಸಿದರೂ ಮುದ್ರಣದಲ್ಲಿ ಬಾವಿಯೊಳಗಿನ ದನಿಯಂತೆ ಕೇಳುತ್ತದೆ. ಹಾಸಿಗೆ, ಜಮಖಾನ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಇರುವ ಮಲಗುವ ಕೋಣೆಯೇ ಮೇಲು. ಸೀರೆಗಳು ತೂಗುಬಿದ್ದ ಬೀರುವಿನ ಬಾಗಿಲು ತೆರೆದಿಟ್ಟು ಅದರೆದುರು ಕುಳಿತರೂ ಪ್ರಯೋಜನವುಂಟು. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆಂಬ ಮಾತು ಮಾತ್ರ ಸುಳ್ಳು. ಹಗುರವಾದ ವಸ್ತು ಶಬ್ದವನ್ನು ತಡೆಯಲಾರದು.

ಫ್ಯಾನು ನಿಲ್ಲಿಸಬೇಕು. ರೆಫ್ರಿಜರೇಟರು ಪಕ್ಕದ ಕೋಣೆಯಲ್ಲಿದ್ದರೆ ಬಾಗಿಲು ಮುಚ್ಚಬೇಕು. ಆಮೇಲೆ ದೂರದ ಲೆಕ್ಕ. ಮೈಕಿನಿಂದ ಇರುವ ಅಂತರ ಎರಡರಷ್ಟಾದರೆ ನೇರವಾಗಿ ಬರುವ ಧ್ವನಿ ೬ ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಹತ್ತಿರ ಕುಳಿತಷ್ಟೂ ಹಾಡು ಹೆಚ್ಚು, ಕೋಣೆ ಕಡಿಮೆ ಎಂದರ್ಥ. ಹಾಡುವವರಿಗೆ ಒಂದು ಗೇಣು ಅಂತರ ಸರಿ. ತೀರ ತುಟಿಗೆ ತಾಗಿಸಿದರೆ ಧ್ವನಿಯ ಮಂದ್ರಭಾಗ ಅತಿಯಾಗಿ ಉಬ್ಬುತ್ತದೆ. ವೀಣೆಗಾದರೆ ಕೊಡದ ಮೇಲಿನ ಹಲಗೆಯ ಕಡೆಗೆ ಒಂದರಿಂದ ಒಂದೂವರೆ ಅಡಿ ದೂರದಲ್ಲಿ ಮೈಕನ್ನು ಓರೆಯಾಗಿ ನಿಲ್ಲಿಸಬೇಕು. ಇನ್ನೂ ಹತ್ತಿರವಾದರೆ ಮೀಟಿನ ಟಕಟಕವೇ ಮುಂದಾಗುತ್ತದೆ. ಕೊಳಲಿಗೆ ಊದುವ ರಂಧ್ರದ ನೇರದಲ್ಲಿ ಮೈಕಿಡದೆ, ಉಸಿರು ತಾಗದಂತೆ ಪಕ್ಕಕ್ಕೋ ಮೇಲಕ್ಕೋ ಇರಿಸಬೇಕು.

ಮಟ್ಟವನ್ನು ಏರಿಸುವುದರಲ್ಲಿ ಆತುರ ಸಲ್ಲದು. ಅಳತೆಯ ಪಟ್ಟಿಯಲ್ಲಿ ಸೊನ್ನೆಯೇ ಮೇಲ್ಛಾವಣಿ. ಹಾಡಿನ ಅತ್ಯಂತ ಗಟ್ಟಿಯಾದ ಸಂಚಾರವೂ ಅದಕ್ಕಿಂತ ಹತ್ತು-ಹನ್ನೆರಡು ಡೆಸಿಬೆಲ್ ಕೆಳಗಿರುವಂತೆ ಹೊಂದಿಸಬೇಕು. ಛಾವಣಿಗೆ ತಲೆ ಬಡಿದ ಧ್ವನಿ ಒಡೆಯುತ್ತದೆ. ಒಡೆದುದನ್ನು ಕೂಡಿಸುವುದು ಬಹುಮಟ್ಟಿಗೆ ಅಸಾಧ್ಯ. ಮೆಲ್ಲಗೆ ಬಂದುದನ್ನಾದರೆ ಆಮೇಲೆ ಏರಿಸಿಕೊಳ್ಳಬಹುದು.

ಉಳಿಸಿಕೊಳ್ಳುವ ಬಗೆ

ಸೆಕೆಂಡಿಗೆ ೪೪,೧೦೦ ಬಾರಿ, ಪ್ರತಿ ಬಾರಿಗೆ ೨೪ ಬಿಟ್ಟುಗಳಂತೆ ಅಳೆದು ಮುದ್ರಿಸಿದರೆ ಮನೆಯ ಕೆಲಸಕ್ಕೆ ಏನೇನೂ ಕೊರತೆಯಿಲ್ಲ. ಒಂದು ಮೈಕಿನ ಇಂಥ ಮುದ್ರಣಕ್ಕೆ ನಿಮಿಷಕ್ಕೆ ಸುಮಾರು ೮ ಮೆಗಾಬೈಟಿನಂತೆ, ಗಂಟೆಗೆ ೪೭೬ ಮೆಗಾಬೈಟು ಸ್ಥಳ ಹಿಡಿಯುತ್ತದೆ. ೬೪ ಗಿಗಾಬೈಟಿನ ಒಂದು ಪೆನ್ ಡ್ರೈವಿನಲ್ಲಿ ನೂರು ಗಂಟೆಗೂ ಮೀರಿ ಹಿಡಿಸೀತು. ಮೂಲವನ್ನು ‘ವೇವ್’ ರೂಪದಲ್ಲಿಯೇ ಇಟ್ಟು, ನೆಂಟರಿಷ್ಟರಿಗೆ ಕಳುಹಿಸಲು ಮಾತ್ರ ಚಿಕ್ಕದಾದ ‘ಎಂ.ಪಿ. ೩’ ಪ್ರತಿಯನ್ನು ಮಾಡಿಕೊಳ್ಳಬೇಕು. ಪ್ರತಿ ಮುದ್ರಣಕ್ಕೂ ದಿನಾಂಕ, ಹಾಡಿನ ಹೆಸರು, ಹಾಡಿದವರ ಹೆಸರು ಬರೆದಿಡುವುದು ಒಳ್ಳೆಯದು. ಗೌಹರ್ ಜಾನ್ ಮಾಡಿದಂತೆ ಹಾಡಿನ ಕೊನೆಗೆ ಬಾಯಲ್ಲಿಯೇ ಹೇಳಿದರೂ ಆದೀತು. ಎರಡು ಪ್ರತಿಗಳು ಎರಡು ಬೇರೆ ಕಡೆ ಇರಬೇಕು. ಒಂದೇ ಪ್ರತಿ ಇದೆಯೆಂದರೆ, ಕಳೆದುಹೋಗುವುದಕ್ಕೆ ಅದು ಕಾದಿದೆ ಎಂದೇ ತಿಳಿಯಬೇಕು.

ಬಸವನಗುಡಿಯ ಮನೆಯವರು ಕೊನೆಗೆ ಹೊಸ ಮೈಕನ್ನೇನೂ ಕೊಳ್ಳಲಿಲ್ಲ. ವಿಷಯ ತಿಳಿದವರೊಬ್ಬರು ಬಂದು ನೋಡಿ, ಮೈಕು ಒಳ್ಳೆಯದೇ, ಇದಕ್ಕೆ ಪೆಟ್ಟಿಗೆಯೊಂದು ಬೇಕು ಎಂದರು. ಉಳಿದ ಹನ್ನೆರಡು ಸಾವಿರದಲ್ಲಿ ೪೮ ವೋಲ್ಟಿನ ಗುಂಡಿಯುಳ್ಳ ಸಾಧಾರಣ ಇಂಟರ್‌ಫೇಸು, ಸ್ಟ್ಯಾಂಡು, ಕೇಬಲ್ಲು, ಹೆಡ್‌ಫೋನು ಎಲ್ಲವೂ ಬಂದು ಸ್ವಲ್ಪ ಹಣ ಉಳಿಯಿತು. ಬೆಳಗಿನ ಐದು ಗಂಟೆಗೆ, ಬೀದಿ ಏಳುವ ಮುನ್ನ, ಸೊಸೆ ಮಲಗುವ ಕೋಣೆಯಲ್ಲಿ ಕುಳಿತು ನುಡಿಸುತ್ತಾರೆ. ಮೊದಲ ದಿನ ತಮ್ಮ ಮುದ್ರಣವನ್ನು ಕೇಳಿ ಅವರಿಗೆ ಕಣ್ಣೀರು ಬಂದಿತು. ಆನಂದದಿಂದಲ್ಲ, ಗಾಂಧಾರ ಅಷ್ಟು ಹುಳುಕಾಗಿ ಕೇಳುತ್ತಿತ್ತು. ಒಂದು ತಿಂಗಳು ಆ ಒಂದು ಸ್ವರವನ್ನೇ ತಿದ್ದಿಕೊಂಡರು. ಗುರುಗಳು ಮೂವತ್ತು ವರ್ಷದ ಹಿಂದೆ ಹೇಳುತ್ತಿದ್ದುದು ಏನೆಂದು ಈಗ ಅರ್ಥವಾಯಿತು ಎಂದರು.

ಆದರೆ ಮೈಕು, ತಂತಿ, ಅಂಗಡಿಗೆ ಅಲೆದಾಟ ಎಂದು ಈ ನಡುವೆ ಎರಡು ತಿಂಗಳು ಕಳೆದಿದ್ದುವು. ಅಷ್ಟರಲ್ಲಿ ಅತ್ತೆಯವರಿಗೆ ಜ್ವರ ಬಂದು ಹೋಯಿತು. ಎದ್ದು ಕುಳಿತು ಹೊಸ ಸಲಕರಣೆಯ ಮುಂದೆ ಹಾಡಿದಾಗ ದನಿ ಸಣ್ಣದಾಗಿತ್ತಾದರೂ ಮೈಕು ಅದನ್ನು ಚೆನ್ನಾಗಿಯೇ ಹಿಡಿಯಿತು. ಹಸೆಯ ಹಾಡಿನ ಮೂರನೆಯ ನುಡಿಗೆ ಬಂದಾಗ ಅವರು ನಿಂತರು. ಮತ್ತೆ ಮೊದಲಿನಿಂದ ಹಾಡಿದರು. ಮತ್ತೆ ಅಲ್ಲಿಯೇ ನಿಂತರು.

“ಬರಲೊಲ್ಲದು ಕಣೆ. ನಾಳೆ ನೋಡೋಣ” ಎಂದರು.

ನಾಳೆಯೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ವಾರ ಕಳೆದ ಮೇಲೆ ಮೊಮ್ಮಗಳಿಗೆ ನೆನಪಾಯಿತು. ಹಿಂದಿನ ಅವರೆಕಾಯಿಯ ಕಾಲದಲ್ಲಿ, ಅಡಿಗೆಮನೆಯಲ್ಲಿ ಕಾಯಿ ಸುಲಿಯುತ್ತ ಅಜ್ಜಿ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದುದನ್ನು ಅವಳು ತಮಾಷೆಗೆಂದು ಫೋನಿನಲ್ಲಿ ಹಿಡಿದಿದ್ದಳು. ಹುಡುಕಿ ತೆಗೆದಳು. ನಡುವೆ ಕುಕ್ಕರು ಎರಡು ಸಲ ಕೂಗಿದೆ. ಯಾರೋ ಬಾಗಿಲು ತಟ್ಟಿದ್ದಾರೆ. ಅಜ್ಜಿ ಹಾಡು ನಿಲ್ಲಿಸಿ, “ಹೂವಿನವಳಿರಬೇಕು, ನೋಡೇ” ಎಂದು ಮತ್ತೆ ಮುಂದುವರಿಸಿದ್ದಾರೆ. ಐದು ನುಡಿಗಳೂ ಅದರಲ್ಲಿವೆ.

ಆ ಮನೆಯಲ್ಲಿ ಈಗ ಎರಡು ಕಡೆ ಪ್ರತಿ ಮಾಡಿ ಜೋಪಾನವಾಗಿ ಇಟ್ಟಿರುವ ಮೊದಲ ಮುದ್ರಣ ಅದೇ. ಅತ್ತೆಯವರೂ ಅದನ್ನು ಹಾಕಿಸಿಕೊಂಡು ಕೇಳುತ್ತ, ಮರೆತ ಮೂರನೆಯ ನುಡಿಯನ್ನು ತಮ್ಮ ದನಿಯಿಂದಲೇ ಮತ್ತೆ ಕಲಿಯುತ್ತಿದ್ದಾರೆ.